ಅಮೀಬಾ ಸಾಕುವ ಶೆಟ್ಟೆವ್ವ

ಘಟಪ್ರಭಾ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹಾದಂಗಡಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಅಲ್ಲಿನ ಪುಟ್ಟ ಸಂಶೋಧನಾ ಕೇಂದ್ರದ ಬಾಗಿಲಲ್ಲಿ ಶೆಟ್ಟೆವ್ವ ಚಪ್ಪಲಿ ಕಳಚಿ, ಬಳೆಗಳನ್ನು ಮೊಣಕೈ ಕಡೆಗೆ ಏರಿಸಿಕೊಳ್ಳುತ್ತಾರೆ. ಒಳಗೆ ಸಪ್ಪಳವಾಗಕೂಡದು. ಗಾಜಿನ ತಟ್ಟೆಗಳನ್ನು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು, ಬ್ಯಾಕ್ಟೀರಿಯಾ ಬೆಳೆಸಿದ ತಿಳಿಯನ್ನು ಹನಿಹನಿಯಾಗಿ ಬಿಡುತ್ತಾರೆ. ತಟ್ಟೆಯಲ್ಲಿರುವುದು ಅಮೀಬಾ, ಬರಿಗಣ್ಣಿಗೆ ಕಾಣದ ಏಕಕೋಶ ಜೀವಿ. ಬ್ಯಾಕ್ಟೀರಿಯಾ ಅದರ ಊಟ.

"ಕುರಿ ಕಾದಾಕಿ ನಾ. ಕುರಿ ಆದ್ರ ಹಸಿವಾದಾಗ ಒದರತಾವು. ಇವು ಬಾಯಿ ಬಿಡಂಗಿಲ್ರಿ, ನಾವ ಬಂದು ನೋಡಬೇಕು" ಎನ್ನುತ್ತಾರೆ.

ಕೇಂದ್ರದ ವಿಜ್ಞಾನಿ ದಾಕ್ಷಾಯಿಣಿ ಈ ಜೀವಿಗಳ ಮೈ ಎಷ್ಟು ಗಟ್ಟಿ, ಎಷ್ಟು ಮೆತ್ತಗೆ ಎಂದು ಅಳೆಯುತ್ತಾರೆ. ಅವರ ಸೂಕ್ಷ್ಮದರ್ಶಕಕ್ಕೆ ನೋಡುವುದಕ್ಕಿಂತ ಮುಟ್ಟುವುದೇ ಮುಖ್ಯ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ಮೊನೆಯ ಸೂಜಿಯೊಂದು ಜೀವಂತ ಅಮೀಬಾವನ್ನು ಒತ್ತಿ ನೋಡುತ್ತದೆ, ಮಾಗಿದೆಯೇ ಎಂದು ನಾವು ಮಾವಿನಹಣ್ಣನ್ನು ಒತ್ತುವ ಹಾಗೆ. ಔಷಧಿ ಹಾಕಿದ ಮೇಲೆ ಆ ಮೈ ಬಿಗಿಯುತ್ತದೆಯೋ, ಸಡಿಲುತ್ತದೆಯೋ, ತೆವಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆಯೋ ಎಂಬುದು ಅವರ ಹುಡುಕಾಟ. ರೈಲು ಹಾದರೂ ಸೂಜಿ ನಡುಗುತ್ತದೆ. ಅದಕ್ಕೇ ಯಂತ್ರವನ್ನು ಕಲ್ಲಿನ ಚಪ್ಪಡಿಯ ಮೇಲಿಟ್ಟು, ಚಪ್ಪಡಿಯನ್ನು ರಬ್ಬರ್ ಹಗ್ಗಗಳಿಂದ ತೊಲೆಗೆ ತೂಗುಹಾಕಿದ್ದಾರೆ.

ಸೇರಿದ ಹೊಸತರಲ್ಲಿ ಶೆಟ್ಟೆವ್ವ ಇಲ್ಲೊಂದು ಎಡವಟ್ಟು ಮಾಡಿದ್ದರು. ಯಂತ್ರವನ್ನು ರಿಪೇರಿಗೆ ಇಳಿಸಿದ್ದರಿಂದ ಚಪ್ಪಡಿ ಬರಿದಾಗಿ ತೂಗುತ್ತಿತ್ತು. ಈ ಸೀಮೆಯಲ್ಲಿ ಬರಿ ತೊಟ್ಟಿಲು ತೂಗುವುದಿಲ್ಲ. ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡಕಲ್ಲನ್ನು ಮಲಗಿಸುತ್ತಾರೆ. ಶೆಟ್ಟೆವ್ವ ಮನೆಯಿಂದ ಖಾರ ಅರೆಯುವ ಗುಂಡಕಲ್ಲು ತಂದು ಚಪ್ಪಡಿಯ ಮೂಲೆಗೆ ಮಲಗಿಸಿಬಿಟ್ಟರು. ಚಪ್ಪಡಿ ವಾಲಿತು, ಹಗ್ಗ ಹರಿಯಿತು, ಬಿದ್ದ ಚಪ್ಪಡಿ ಸೀಳಿತು, ಕೆಲಸ ಎಷ್ಟೋ ದಿನ ನಿಂತೇಹೋಯಿತು.

"ಬಾಯಿಗೆ ಬಂದಂಗ ಬೈದ್ನಿ" ಎನ್ನುತ್ತಾರೆ ದಾಕ್ಷಾಯಿಣಿ. "'ಖಾಲಿ ತೊಟ್ಟಲಾ ನೋಡಾಕ ಆಗಲಿಲ್ರಿ ಅಕ್ಕಾರ' ಅಂದ್ರು. ಆಮ್ಯಾಲೆ ನಾನs ಆ ಗುಂಡಕಲ್ಲ ಒರಸಿ ಅವರ ಕೈಯಾಗ ಕೊಟ್ನಿ."

ಖಾಲಿ ತೊಟ್ಟಿಲಿನ ಆ ಮಾತಿಗೆ ಕಾರಣವಿದೆ. ಶೆಟ್ಟೆವ್ವ ಹುಕ್ಕೇರಿ ತಾಲೂಕಿನ ಕುರಿಗಾರರ ಮನೆಯವರು. ಉಣ್ಣೆ ಕತ್ತರಿಸುವ ಮುನ್ನ ಕುರಿಗಳ ಮೈ ತೊಳೆಯುವುದು ಅವರಲ್ಲಿ ವಾಡಿಕೆ. ಇಲ್ಲಿಗೆ ಸೇರುವ ಮೊದಲಿನ ಒಂದು ಬೇಸಿಗೆಯಲ್ಲಿ ಊರ ಹೊಂಡದ ನೀರು ತಳ ಕಂಡು ಕಾದಿತ್ತು. ತಮಗೆ ಜ್ವರವಿದ್ದುದರಿಂದ ಶೆಟ್ಟೆವ್ವ ಮಗಳು ಲಕ್ಷ್ಮೀಯನ್ನು ನೀರಿಗೆ ಇಳಿಸಿದರು. ಟಗರೊಂದು ಕೊಸರಿಕೊಂಡಿತು. ಹುಡುಗಿ ಮುಳುಗಿ ಎದ್ದು, ಮೂಗಿಗೆ ನೀರೇರಿ, ಸೀನುತ್ತಾ ನಕ್ಕಳಂತೆ. ವಾರದ ಮೇಲೆ ತಲೆನೋವು ಬಂತು, ಕುತ್ತಿಗೆ ಸೆಟೆಯಿತು. ಕೊನೆಗೆ ಹಡೆದವಳ ಗುರುತೂ ಹತ್ತದೆ ತೀರಿಹೋದಳು. ಮೂಗಿನಿಂದ ಮಿದುಳಿಗೇರುವ ಅಮೀಬಾ ಎಂದರು ವೈದ್ಯರು. ಊರಿನವರು ತಪ್ಪು ಹೊರಿಸಿದ್ದು ತಾಯಿಯ ಮೇಲೆ.

"ನಾನs ಇಳಿಸೀನ್ರಿ. 'ಹೋಗವಾ, ಲಗೂನ ತೊಳದ ಬಾ' ಅಂದಾಕಿ ನಾನs."

ಪರೀಕ್ಷೆಗೆಂದು ಹೊಂಡದ ನೀರು ಒಯ್ಯಲು ಬಂದಿದ್ದ ದಾಕ್ಷಾಯಿಣಿಗೆ ಜಾಗ ತೋರಿಸಿದವರು ಶೆಟ್ಟೆವ್ವ. ಆಮೇಲೆ ದಾಕ್ಷಾಯಿಣಿಯ ಬೆನ್ನು ಹತ್ತಿ ಇಲ್ಲಿ ಕೆಲಸಕ್ಕೆ ಬಂದರು. ಗಂಡ ಮಾಲಿಂಗಪ್ಪ ಕುರಿಗಳ ಹಿಂದೆ ಊರೂರು ತಿರುಗುತ್ತಾರೆ. ತಟ್ಟೆಗಳಲ್ಲಿರುವುದು ಕೊಲ್ಲುವ ಅಮೀಬಾ ಅಲ್ಲ, ಅದರ ನಿರುಪದ್ರವಿ ದಾಯಾದಿ. ಕೊಲ್ಲುವ ಜಾತಿ ಬಿಸಿನೀರಿನಲ್ಲೇ ಹಿಗ್ಗುತ್ತದೆ, ಇದಕ್ಕೆ ಸೆಕೆ ಆಗಿಬರದು. ಆದರೂ ಶೆಟ್ಟೆವ್ವನ ಕಣ್ಣಿಗೆ ಎಲ್ಲ ಒಂದೇ ಕುಲ. ಸೂಕ್ಷ್ಮದರ್ಶಕದ ಪರದೆಯ ಮೇಲೆ ಅವು ತೆವಳುವುದನ್ನು ಅವರು ಇವತ್ತಿಗೂ ನೋಡಿಲ್ಲ.

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಜನರೇಟರ್ ಕೆಟ್ಟಿತ್ತು. ಮೂಡಲಗಿಗೆ ಮದುವೆಗೆ ಹೋಗಿದ್ದ ದಾಕ್ಷಾಯಿಣಿ ಫೋನ್ ಎತ್ತಲಿಲ್ಲ. ತಟ್ಟೆಗಳನ್ನಿಡುವ ತಂಪು ಪೆಟ್ಟಿಗೆ ಕಾಯತೊಡಗಿತು. ಈ ಸಂತತಿ ಅಳಿದರೆ ಅದುವರೆಗಿನ ಅಳತೆಗಳೆಲ್ಲ ನೀರುಪಾಲು. ಶೆಟ್ಟೆವ್ವ ಬಾಗಿಲು ಹಾಕಿಕೊಂಡು ನೆಲಕ್ಕೆ ಕುಳಿತುಬಿಟ್ಟರು.

"ಸಾಯ್ಲಿ ಅನಿಸ್ತ್ರಿ, ಖರೆ ಹೇಳ್ತೇನಿ. ಕರೆಂಟ್ ಇರಲಿಲ್ಲ ಅಂದ್ರ ಮುಗೀತು, ಯಾರೂ ನನ್ನ ಕೇಳತಿರಲಿಲ್ಲ. ನನ್ನ ಲಕ್ಷ್ಮೀ ಒದ್ದಾಡಿದ್ದು ಕಣ್ಣ ಮುಂದ ಬಂತು. ಇವೂ ಒದ್ದಾಡ್ಲಿ ಅನಿಸ್ತು."

ಬಹಳ ಹೊತ್ತು ಹಾಗೇ ಕುಳಿತಿದ್ದರಂತೆ. ಆಮೇಲೆ ಎದ್ದರು. ತಟ್ಟೆಗಳನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ತಣ್ಣೀರು ತುಂಬಿದ ಮಣ್ಣಿನ ಹರವಿಯಲ್ಲಿ ಇಳಿಸಿ, ಸುತ್ತ ಒದ್ದೆ ಗೋಣಿ ಹೊದಿಸಿ ಕರೆಂಟ್ ಬರುವತನಕ ಗಾಳಿ ಬೀಸಿದರು. ಕೆಲವು ತಟ್ಟೆಗಳು ಸತ್ತವು, ಉಳಿದವು ಬದುಕಿದವು.

ಕೊಲ್ಲುವ ಅಮೀಬಾಕ್ಕೆ ಔಷಧಿ ಸಿಗಲು ಇನ್ನೂ ಎಷ್ಟು ಕಾಲ ಬೇಕೋ, ಸಿಗದೆಯೂ ಹೋಗಬಹುದು ಎಂದು ದಾಕ್ಷಾಯಿಣಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಶೆಟ್ಟೆವ್ವನಿಗೂ ಅದು ಗೊತ್ತು. ಹಾಗಾದರೆ ಏನಾಸೆ ಎಂದರೆ, ಕೈಯಲ್ಲಿದ್ದ ತಟ್ಟೆಯ ಮುಚ್ಚಳ ಹಾಕಿ ಮಾತಾಡುತ್ತಾರೆ.

"ಇವು ಹೆಂಗ ಸಾಯ್ತಾವು ಅನ್ನೂದು ಅಕ್ಕಾರಿಗೆ ತಿಳೀಲಿ. ಅಲ್ಲೀತನಕಾ ಇವನ್ನ ಸಾಯಾಕ ಬಿಡಂಗಿಲ್ರಿ ನಾ."