ನೂರು ತೋರಿಸಿದ ಮುಳ್ಳು

ನನ್ನ ಕೆಳದವಡೆಯ ಹಲ್ಲೊಂದನ್ನು ಕೀಳಿಸಬೇಕೆಂದು ಡಾಕ್ಟರು ಹೇಳಿ ಬಹಳ ದಿನವಾಯಿತು. ಅದಕ್ಕೆ ನನಗೆ ಪುರುಸೊತ್ತಿಲ್ಲ. ಆದರೆ ಕಾರಿನ ಹಲ್ಲುಗಳ ಚಿಂತೆಯಲ್ಲಿ ಶನಿವಾರಗಳನ್ನೆಲ್ಲ ಬೈಕುಲ್ಲಾದ ಗ್ಯಾರೇಜಿನಲ್ಲಿ ಕಳೆಯಲು ಯಥೇಚ್ಛ ಪುರುಸೊತ್ತಿತ್ತು. ಕಾರಿಗೂ ಹಲ್ಲಿರುತ್ತದೆಯೇ ಎಂದು ನೀವು ಕೇಳಬಹುದು. ಇರುತ್ತದೆ, ಹಿಂದಿನ ಚಕ್ರಗಳನ್ನು ತಿರುಗಿಸುವ ಆಕ್ಸಲಿನ ಹೊಟ್ಟೆಯೊಳಗೆ.

ಕಾರು ನನ್ನ ಸೋದರಮಾವನದು, ಹಳೆಯ ಪದ್ಮಿನಿ. ಒಂದು ಕಾಲಕ್ಕೆ ಈ ಊರಿನ ಟ್ಯಾಕ್ಸಿಗಳೆಲ್ಲ ಇದೇ ಕಾರು. ಕಣ್ಣು ಮಂಜಾಗಿ ಓಡಿಸುವುದನ್ನು ಬಿಟ್ಟಾಗ ಅವರು ಅದನ್ನು ನನಗೆ ಕೊಟ್ಟರು. ನನ್ನ ವಯಸ್ಸಿನ ಕೆಲವರು ತಲೆಗೂದಲಿಗೆ ಮಾಡುವ ಉಪಚಾರವನ್ನು ನಾನು ಆ ಕಾರಿಗೆ ಮಾಡಿದೆ. ದೊಡ್ಡ ಎಂಜಿನ್ ಕೂರಿಸಿದೆ, ಮೈಯನ್ನು ತಗ್ಗಿಸಿದೆ, ಕಡುಗೆಂಪು ಬಣ್ಣ ಹೊಡೆಸಿದೆ. ಗೇರ್‌ಬಾಕ್ಸು, ಚಕ್ರಗಳು ಮಾತ್ರ ಹಳೆಯವೇ. ಭಾನುವಾರಗಳಂದು ಸೇರುವ ನಮ್ಮ ಹಳೆಗಾರುಗಳ ಗುಂಪಿನಲ್ಲಿ ಇದಕ್ಕೆ ಹಾಟ್ ರಾಡ್ ಎನ್ನುತ್ತಾರೆ. ಅಂಧೇರಿಯ ನಮ್ಮ ಬಿಲ್ಡಿಂಗಿನ ವಾಚ್‌ಮನ್ ಟ್ಯಾಕ್ಸಿ ಎನ್ನುತ್ತಾನೆ.

ಹೊಸ ಎಂಜಿನ್ನಿನ ಭರಕ್ಕೆ ಹಿಂದಿನ ಆಕ್ಸಲ್ ಗೋಳಿಡತೊಡಗಿತು. ಅದರೊಳಗೆ ಸಣ್ಣ ಗೇರೊಂದು ದೊಡ್ಡ ಗೇರನ್ನು ತಿರುಗಿಸುತ್ತದೆ. ಈ ಜೋಡಿಗೆ ಗ್ಯಾರೇಜಿನವರು ಕ್ರೌನ್-ಪಿನಿಯನ್ ಎನ್ನುತ್ತಾರೆ. ಎರಡರ ಹಲ್ಲುಗಳ ಲೆಕ್ಕದ ಮೇಲೆ ಕಾರಿನ ನಡಿಗೆ ನಿಂತಿದೆ. ಅಂಧೇರಿ ಸ್ಟೇಷನ್ನಿನ ಸೇತುವೆಯನ್ನು ಕೆಲವರು ಒಂದೊಂದೇ ಮೆಟ್ಟಿಲಾಗಿ ಹತ್ತುತ್ತಾರೆ, ಕೆಲವರು ಎರಡೆರಡಾಗಿ. ಕಾರುಗಳೂ ಹಾಗೆಯೇ; ಸಣ್ಣ ಗೇರಿನ ಹಲ್ಲು ಕಡಿಮೆಯಾದಷ್ಟೂ ಹೆಜ್ಜೆ ಸಣ್ಣದು. ಸಣ್ಣ ಹೆಜ್ಜೆಯ ಕಾರು ಏರಿಗೆ ಜಗ್ಗುವುದಿಲ್ಲ, ಸಿಗ್ನಲ್ಲಿನಲ್ಲಿ ಥಟ್ಟನೆ ಹಾರುತ್ತದೆ, ಆದರೆ ಬಯಲಿನಲ್ಲಿ ಬೇಗ ಏದುಸಿರು ಬಿಡುತ್ತದೆ. ಉದ್ದ ಹೆಜ್ಜೆಯದು ಹೆದ್ದಾರಿಯಲ್ಲಿ ನಿರಾಳವಾಗಿ ಓಡುತ್ತದೆ, ಟ್ರಾಫಿಕ್ಕಿನಲ್ಲಿ ಮುಗ್ಗರಿಸುತ್ತದೆ. ಎರಡರಲ್ಲೊಂದನ್ನು ಆರಿಸಬೇಕು. ನಮ್ಮ ಗುಂಪಿನವರೆಲ್ಲ ಒಂದೇ ತಪ್ಪು ಮಾಡುತ್ತಾರೆ. ಮನಸ್ಸಿನಲ್ಲಿರುವ ರಸ್ತೆಗೆಂದು ಹಲ್ಲು ಆರಿಸಿ, ಆಮೇಲೆ ಅಂಧೇರಿಯಿಂದ ಪಾರ್ಲೆಗೆ ಎರಡನೆಯ ಗೇರಿನಲ್ಲಿ ತೆವಳುತ್ತಾರೆ. ಇದು ಗೊತ್ತಿದ್ದೂ ನಾನು ಉದ್ದ ಹೆಜ್ಜೆಗೇ ಆಸೆಪಟ್ಟೆ. ಅದಕ್ಕೆ ಕಾರಣ ಮಾವ.

ಮಾವ ಈ ಕಾರಿನಲ್ಲಿ ಒಮ್ಮೆ ನೂರು ಮುಟ್ಟಿದ್ದರು. ಎಕ್ಸ್‌ಪ್ರೆಸ್‌ವೇ ಇಲ್ಲದ ಕಾಲ, ಖಂಡಾಲಕ್ಕೆ ಹೊರಟಿದ್ದೆವು. ಪನ್ವೇಲ್ ದಾಟಿದ ನೇರ ರಸ್ತೆಯಲ್ಲಿ ಮೀಟರಿನ ಮುಳ್ಳು ನೂರರ ಮೇಲೆ ನಿಂತಿತು. ಜೀವನವಿಡೀ ಬ್ಯಾಂಕಿನ ಕುರ್ಚಿಯಲ್ಲಿ ಕುಳಿತ, ಲೋಕಲ್ ರೈಲನ್ನು ಎಂದೂ ಓಡಿ ಹತ್ತದ ಮನುಷ್ಯನ ಒಂದೇ ಒಂದು ಸಾಹಸ ಅದು. ಮದುವೆ ಮುಂಜಿಗಳಲ್ಲಿ ಅವರು ಅದನ್ನು ಹೇಳದೆ ಎದ್ದವರಲ್ಲ. ಆ ಮುಳ್ಳನ್ನು ನಾನೂ ಕಂಡ ನೆನಪಿದೆ. ಆದರೆ ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲಿದ್ದವನಿಗೆ ಅದು ಹೇಗೆ ಕಂಡಿತು? ಮಾವನ ಮಾತನ್ನೇ ನನ್ನ ಕಣ್ಣು ಸಾಲ ತಂದಿರಬಹುದು.

ಈಗ ಅವರಿಗೆ ಎಂಬತ್ತು ದಾಟಿದೆ. ಕಣ್ಣಿನ ಆಪರೇಷನ್ ಆದ ಮೇಲೆ ನನ್ನನ್ನು ಕರೆದು, ಕಾರಿಗೆ ಏನು ಬೇಕಾದರೂ ಮಾಡಿಕೋ, ಇನ್ನೊಂದು ಸಲ ಅದೇ ದಾರಿಯಲ್ಲಿ ಕೂರಿಸಿಕೊಂಡು ಹೋಗು ಎಂದರು. ಬೇರೇನನ್ನೂ ಅವರು ನನ್ನಲ್ಲಿ ಕೇಳಿದವರಲ್ಲ.

ಗ್ಯಾರೇಜಿನ ಬಸವರಾಜ ವಿಜಯಪುರದ ಕಡೆಯವನು. ಸದ್ದೇ ವೇಗ ಎಂದು ನಂಬಿದವನು. ಸೈಲೆನ್ಸರ್ ಕಿತ್ತುಹಾಕಲು ಇಂದಿಗೂ ನನ್ನ ಬೆನ್ನು ಬಿದ್ದಿದ್ದಾನೆ. ಆಕ್ಸಲ್ ಬಿಚ್ಚಿ ಇಬ್ಬರೂ ಹಲ್ಲು ಎಣಿಸಿದೆವು. ಇಬ್ಬರಿಗೂ ಬೇರೆ ಬೇರೆ ಲೆಕ್ಕ ಬಂದು, ಸೀಮೆಸುಣ್ಣದ ಗುರುತು ಹಾಕಿ ಮತ್ತೆ ಎಣಿಸಿದೆವು. ಸಣ್ಣದಕ್ಕೆ ಎಂಟು, ದೊಡ್ಡದಕ್ಕೆ ನಲವತ್ತೊಂದು. ಇರಬೇಕಾದದ್ದು ಹತ್ತು ಮತ್ತು ನಲವತ್ತಮೂರು.

"ಇದು ಕಂಪನಿ ಮಾಲ್ ಅಲ್ರೀ ಸಾಹೇಬ್ರ," ಎಂದ ಬಸವರಾಜ. "ಯಾರೋ ಘಾಟ್ ಹತ್ತಾಕಂತ ಬದ್ಲಿ ಮಾಡ್ಯಾರ. ಎಷ್ಟು ವರ್ಷದ್ದೋ ಏನೋ, ಹಲ್ಲು ಪೂರಾ ಸವದಾವ."

ಲೋಕಲ್ಲಿನಲ್ಲಿ ಮನೆಗೆ ಬರುವಾಗ ನನಗೆ ತಲೆಯಲ್ಲಿ ಲೆಕ್ಕ ಹೊಳೆಯಿತು. ವೇಗದ ಮೀಟರಿನ ಕೇಬಲ್ ಬರುವುದು ಗೇರ್‌ಬಾಕ್ಸಿನಿಂದ. ಚಕ್ರ ಎಷ್ಟು ತಿರುಗಿತೆಂದು ಅದಕ್ಕೆ ಗೊತ್ತೇ ಇಲ್ಲ. ಹಿಂದಿನ ಆಕ್ಸಲಿನಲ್ಲಿ ಕಂಪನಿಯ ಹಲ್ಲುಗಳೇ ಇವೆ ಎಂದು ನಂಬಿ ಅಂದಾಜು ಹೇಳುತ್ತದೆ. ಅಲ್ಲಿ ಈ ಸಣ್ಣ ಹೆಜ್ಜೆಯ ಜೋಡಿ ಇದ್ದರೆ ಮುಳ್ಳು ನೂರು ತೋರಿಸುವಾಗ ಕಾರು ಓಡುವುದು ಎಂಬತ್ತನಾಲ್ಕರಲ್ಲಿ. ಮಾವನ ನೂರೂ ಅಷ್ಟೇ ಇದ್ದಿರಬೇಕು.

ಬಸವರಾಜ ಮಾರುಕಟ್ಟೆಯಿಂದ ಎರಡು ಜೋಡಿ ಹುಡುಕಿ ತಂದಿದ್ದ; ಕಂಪನಿಯ ಹತ್ತಕ್ಕೆ ನಲವತ್ತಮೂರರದು ಸಿಕ್ಕಿರಲಿಲ್ಲ. ಒಂದು ಈಗಿರುವಂಥದ್ದೇ. ಇನ್ನೊಂದು ಹನ್ನೊಂದಕ್ಕೆ ನಲವತ್ತಮೂರು, ಕಂಪನಿಯದಕ್ಕಿಂತಲೂ ಉದ್ದ ಹೆಜ್ಜೆಯದು. ಮೊದಲನೆಯದನ್ನು ಹಾಕಿದರೆ ಮಾವನಿಗೆ ಮುಳ್ಳಿನ ಮೇಲೆ ನೂರು ಕಾಣುತ್ತದೆ, ಆದರೆ ಓಡುವುದು ಎಂಬತ್ತನಾಲ್ಕು. ಎರಡನೆಯದನ್ನು ಹಾಕಿದರೆ ನಿಜವಾಗಿ ನೂರು ಓಡುತ್ತದೆ, ಮುಳ್ಳು ಮಾತ್ರ ತೊಂಬತ್ತೊಂದರಲ್ಲಿ ನಿಲ್ಲುತ್ತದೆ. ಮೀಟರನ್ನು ಸರಿಪಡಿಸುವ ಪುಟ್ಟ ಗೇರು ಊರೆಲ್ಲ ಹುಡುಕಿದರೂ ಸಿಗಲಿಲ್ಲ.

ಹೆಂಡತಿ ಸುಧಾಳಿಗೆ ಇದರಲ್ಲಿ ಸಮಸ್ಯೆಯೇ ಕಾಣಲಿಲ್ಲ. "ಹಳೇದರ ಥರದ್ದನ್ನೇ ಹಾಕ್ಸಿ. ಅವರಿಗೆ ನೂರು ಕಾಣತ್ತೆ, ನಾವು ಎಂಬತ್ತರಲ್ಲಿ ಜೀವಸಹಿತ ವಾಪಸ್ ಬರ್ತೀವಿ," ಎಂದಳು.

ಇಂಥ ಗೇರುಗಳಲ್ಲಿ ಒಂದು ಜಾಣತನವಿದೆ. ಎರಡು ಸಂಖ್ಯೆಗಳಿಗೂ ಒಂದರ ಹೊರತು ಸಾಮಾನ್ಯ ಭಾಜಕವಿರದಂತೆ ಹಲ್ಲುಗಳನ್ನು ಇಡುತ್ತಾರೆ. ಆಗ ಸಣ್ಣ ಗೇರಿನ ಪ್ರತಿ ಹಲ್ಲೂ ದೊಡ್ಡದರ ಪ್ರತಿ ಹಲ್ಲನ್ನೂ ಸರದಿಯಂತೆ ಸಂಧಿಸಿ, ಸವೆತ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. ನೆನಪಿಗೆ ಈ ಸೌಲಭ್ಯವಿಲ್ಲ. ಅಲ್ಲಿ ಅದೇ ಹಲ್ಲು ಅದೇ ಹಲ್ಲನ್ನೇ ಮತ್ತೆ ಮತ್ತೆ ಕಚ್ಚುತ್ತದೆ. ಅಷ್ಟಕ್ಕೆ ಮಾತ್ರ ಹೊಳಪು ಬಂದು, ಉಳಿದದ್ದೆಲ್ಲ ತುಕ್ಕು ಹಿಡಿಯುತ್ತದೆ. ಆ ಪ್ರಯಾಣದಲ್ಲಿ ನಾವು ತಿಂದದ್ದೇನು, ಖಂಡಾಲ ತಲುಪಿದೆವೇ ಇಲ್ಲವೇ, ಒಂದೂ ನನಗೆ ನೆನಪಿಲ್ಲ. ನೂರು ಮಾತ್ರ ಇದೆ.

ಕೊನೆಗೆ ಮಾವನನ್ನೇ ಕೇಳಿಬಿಡೋಣವೆಂದು ಮಾಟುಂಗಾಕ್ಕೆ ಹೋದೆ. ಕಾಫಿ ಕುಡಿಯುತ್ತಾ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಕಪ್ಪನ್ನು ಕೆಳಗಿಟ್ಟು, ಬ್ಯಾಂಕಿನಲ್ಲಿ ಸಾಲದ ಅರ್ಜಿ ತಿರಸ್ಕರಿಸುತ್ತಿದ್ದ ದನಿಯಲ್ಲಿ ಕೇಳಿದರು:

"ನೀನು ಹಲ್ಲು ಎಣಿಸಿದ್ದು ಯಾವಾಗ?"

"ಮೊನ್ನೆ, ಮಾವ."

"ನಾನು ಓಡಿಸಿದ್ದು ಯಾವಾಗ? ಮಧ್ಯೆ ಒಂದ್ಸಲ ಆಕ್ಸಲ್ ಬಿಚ್ಚಿಸಿದ್ದೆ ಕಣೋ. ಆಗ ಬದಲಾಯಿಸಿರ್ತಾನೆ ಆ ಮೆಕ್ಯಾನಿಕ್ಕು. ಇವತ್ತಿನ ಹಲ್ಲು ಎಣಿಸಿ ಅವತ್ತಿನ ಸ್ಪೀಡು ಹೇಳ್ತೀಯಲ್ಲ, ಓದಿದವನೇ ನೀನು?"

ಆಕ್ಸಲ್ ಬಿಚ್ಚಿಸಿದ್ದು ಅವರಿಗೆ ಈಗಷ್ಟೇ ನೆನಪಾಯಿತೇ, ಅಥವಾ ಈಗಷ್ಟೇ ಹುಟ್ಟಿತೇ? ತಿಳಿಯುವ ಉಪಾಯವಿಲ್ಲ. ಅವರ ವಾದದಲ್ಲಿ ತಪ್ಪೂ ಇಲ್ಲ. ಅತ್ತೆಯ ಕಡೆ ನೋಡಿದೆ. ಅಂದು ಮುಂದಿನ ಸೀಟಿನಲ್ಲಿದ್ದವರು ಅವರು. "ನನ್ನನ್ನ ಕೇಳಬೇಡಪ್ಪ, ನಾನು ಕಣ್ಣು ಮುಚ್ಕೊಂಡಿದ್ದೆ," ಎಂದರು.

ನಾನು ಹನ್ನೊಂದರ ಜೋಡಿಯನ್ನೇ ಹಾಕಿಸಿದೆ. ಧರ್ಮನಿಷ್ಠೆಯೆಂದು ತಿಳಿಯಬೇಡಿ. ಅಂದು ಏನಾಯಿತೆಂಬುದು ಯಾರಿಗೂ ತಿಳಿಯದಿದ್ದ ಮೇಲೆ, ಈ ಸಲವಾದರೂ ಅವರು ನಿಜವಾದ ನೂರರಲ್ಲಿ ಕುಳಿತಿರಲಿ ಎನಿಸಿತು.

ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ಮಾವ ಮುಂದೆ, ಅತ್ತೆ ಮತ್ತು ಸುಧಾ ಹಿಂದೆ. ಅವರು ಕೇಳಿದ ಹಳೆಯ ದಾರಿಯಲ್ಲಿ ಈಗ ನೂರು ಓಡಿಸುವಂತಿಲ್ಲ. ಪನ್ವೇಲ್ ದಾಟಿ ಎಕ್ಸ್‌ಪ್ರೆಸ್‌ವೇ ಹಿಡಿದೆ. ಅವರು ತಕರಾರು ಮಾಡಲಿಲ್ಲ. ರಸ್ತೆ ಖಾಲಿ ಸಿಕ್ಕಿತು. ಕಾರು ಉದ್ದುದ್ದ ಹೆಜ್ಜೆ ಹಾಕುತ್ತಾ ಹೋಯಿತು, ಮುಳ್ಳು ತೊಂಬತ್ತು ದಾಟಿ ನಿಂತಿತು. ಮಾವ ಹೊಸ ಕಣ್ಣುಗಳಿಂದ ಅದನ್ನೇ ನೋಡುತ್ತಿದ್ದರು. ಆಮೇಲೆ ಸೀಟಿಗೆ ಒರಗಿ ನನ್ನ ಭುಜ ತಟ್ಟಿದರು.

"ಸಾಕು ಬಿಡು, ಎಂಜಿನ್ ಪಾಪ. ತೊಂಬತ್ತೂ ಕಮ್ಮಿಯೇನಲ್ಲ. ನೂರು ಮುಟ್ಟಿಸೋದಕ್ಕೆ ಕೈ ಬೇರೇನೇ ಬೇಕು."

ಅಷ್ಟು ಸಂತೋಷವಾಗಿ ಅವರು ಮಾತಾಡಿದ್ದನ್ನು ನಾನು ಈಚೆಗೆ ಕಂಡಿರಲಿಲ್ಲ. ಕನ್ನಡಿಯಲ್ಲಿ ಸುಧಾ ಕಂಡಳು. ಅವಳ ಕೈಯಲ್ಲಿದ್ದ ಫೋನು ಉಪಗ್ರಹವನ್ನು ಕೇಳಿ ವೇಗ ಹೇಳುವಂಥದ್ದು. ಅದರಲ್ಲಿ ನೂರಿತ್ತೆಂದು ಅವಳ ಏರಿದ ಹುಬ್ಬಿನಿಂದಲೇ ತಿಳಿಯಿತು. ಹೇಳಬೇಡವೆಂದು ನಾನು ಮೆಲ್ಲಗೆ ತಲೆಯಾಡಿಸಿದೆ. ಅವಳು ಫೋನನ್ನು ಚೀಲದೊಳಗೆ ಹಾಕಿ ಜಿಪ್ ಎಳೆದು, ಅತ್ತೆಗೆ ಕಿತ್ತಳೆ ಸುಲಿದು ಕೊಡತೊಡಗಿದಳು.