ನನಗೆ ಒಗ್ಗದ ಮಾತ್ರೆ

ನಮ್ಮ ಬೇಗೂರಿನ ಔಷಧಿ ಅಂಗಡಿಯವನು ಈವತ್ತು ಬೆಳಿಗ್ಗೆ ಕೆಮ್ಮಿನ ಸಿರಪ್ಪಿನ ಬಾಟಲಿಯನ್ನು ಕೌಂಟರಿನ ಮೇಲೆ ಕುಕ್ಕಿ, "ಎರಡೆರಡು ಚಮಚ ಕುಡೀರಿ ಸಾರ್, ಏನೂ ಆಗಲ್ಲ" ಎಂದ. ಏನೂ ಆಗಲ್ಲ ಎನ್ನುವ ಮಾತಿನಿಂದ ನಾನು ಎಷ್ಟು ಪಾಡು ಪಟ್ಟಿದ್ದೇನೆಂದು ಅವನಿಗೇನು ಗೊತ್ತು! ಪಕ್ಕದಲ್ಲಿದ್ದ ನನ್ನ ಹೆಂಡತಿ ಜಯಮ್ಮ ಆ ಬಾಟಲಿಯನ್ನೇ ನೋಡುತ್ತಿದ್ದಳು. ಆ ನೋಟಕ್ಕೊಂದು ಹಿನ್ನೆಲೆಯಿದೆ, ಕೇಳಿ.

ನಾನು ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಯೊಂದರಲ್ಲಿ ತಪಾಸಣೆಯವನು. ಮಾತ್ರೆಗಳ ತೂಕ ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆಚೆ ಎಸೆಯುವುದು ನನ್ನ ಕೆಲಸ. ಹಾಗಾಗಿ ಔಷಧಿಯ ವಿಷಯದಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಕೊಬ್ಬು. ನಾಲ್ಕು ವರ್ಷದ ಹಿಂದೆ ಕಾರ್ಖಾನೆಯ ಡಾಕ್ಟರು ಬಿ.ಪಿ. ಇದೆ ಎಂದು ಮಾತ್ರೆ ಬರೆದುಕೊಟ್ಟಾಗಲೂ, ಮಾತ್ರೆ ಎಲ್ಲರಿಗೂ ಒಂದೇ, ನುಂಗಿದರಾಯಿತು ಎಂದುಕೊಂಡೆ. ನುಂಗಿದೆ. ಮೂರನೆಯ ದಿನ ಯಂತ್ರದ ಪಕ್ಕದಲ್ಲೇ ಕಣ್ಣು ಕತ್ತಲೆಗಟ್ಟಿ ಬಿದ್ದೆ. ನಾಡಿ ನಲವತ್ತಕ್ಕೆ ಇಳಿದಿತ್ತಂತೆ.

ಕಾರ್ಖಾನೆಯ ಡಾಕ್ಟರು ಮಂಗಳವಾರ ಮಾತ್ರ ದರ್ಶನ ಕೊಡುವ ದೊಡ್ಡ ಮನುಷ್ಯರು. ಫೋನಿನಿಂದ ತಲೆಯೆತ್ತದೆ, ನಾನು ಎರಡೆರಡು ನುಂಗಿರಬೇಕೆಂದರು. ಇಲ್ಲ, ಒಂದೇ ನುಂಗಿದ್ದು ಎಂದು ನಾನು ಹೇಳಿದರೆ, ನನ್ನದು ಗಾಬರಿಯ ಸ್ವಭಾವವೆಂದರು. ಮಾತ್ರೆ ಬದಲಿಸಿದರು. ಅದೇ ಜಾತಿಯದು, ಬಣ್ಣ ಬೇರೆ. ಮತ್ತೆ ಬಿದ್ದೆ. ಬಿಟ್ಟರೆ ಬಿ.ಪಿ. ಏರುತ್ತದೆ, ನುಂಗಿದರೆ ನಾನು ಬೀಳುತ್ತೇನೆ. ಇನ್ನೊಂದು ಸಲ ಬಿದ್ದರೆ ಫಿಟ್‌ನೆಸ್ ಸರ್ಟಿಫಿಕೇಟಿಲ್ಲ, ಮನೆಗೆ ಹೋಗಿ ಎಂದುಬಿಟ್ಟರು. ಮಗಳ ಓದು ಇನ್ನೂ ಅರ್ಧದಲ್ಲಿತ್ತು. ಹೆದರಿ ಹೊರಗಿನ ಎರಡು ಕ್ಲಿನಿಕ್ಕುಗಳಿಗೆ ಅಲೆದೆ. ಅಲ್ಲಿ ಕುರ್ಚಿ ಮೆತ್ತಗಿತ್ತು, ಮಾತು ಅದೇ.

ಜಯಮ್ಮ ಜೊತೆಗೆ ಬರುತ್ತಿದ್ದಳು, ಫೈಲು ಹಿಡಿದುಕೊಳ್ಳಲು. ಡಾಕ್ಟರ ಮುಂದೆ ಹೆಂಡತಿಗೆ ನಾವು ಕೊಡುವ ಕೆಲಸ ಅಷ್ಟೇ ತಾನೇ? "ಇವ್ರಿಗೆ ಕೆಮ್ಮಿನ ಔಸ್ದಿ ಕುಡುದ್ರೂ ಇಂಗೇ ಆಯ್ತದೆ" ಎಂದು ಅವಳು ಶುರುಮಾಡಿದಾಗಲೆಲ್ಲ ನಾನು ಬಾಯಿ ಮುಚ್ಚಿಸುತ್ತಿದ್ದೆ. ಬಿ.ಪಿ.ಗೂ ಕೆಮ್ಮಿಗೂ ಏನು ನೆಂಟಸ್ತಿಕೆ? ನಿಜ ಹೇಳಬೇಕೆಂದರೆ, ಅವಳ 'ಔಸ್ದಿ' ಕೇಳಿ ನನಗೆ ನಾಚಿಕೆಯಾಗುತ್ತಿತ್ತು. ಬಿ.ಎಸ್ಸಿ. ಓದಿದವನಲ್ಲವೇ, ಥೂ!

ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ, ಬೇರೆ ಯಾವ ಔಷಧಿಗಾದರೂ ಹೀಗಾಗಿತ್ತೇ ಎಂದು ಕೇಳಿದರು. ಇಲ್ಲವೆಂದೆ. ಜಯಮ್ಮ ಬಾಯಿ ತೆರೆದಳು. "ನೀನು ಸುಮ್ನಿರೇ" ಎಂದೆ.

"ನೀವು ಸುಮ್ನಿರಿ ಸಾರ್," ಎಂದರು ಡಾಕ್ಟರಮ್ಮ. "ಅವ್ರು ಹೇಳ್ಲಿ."

ಹೇಳಿದಳು. ಮದುವೆಯಾದ ಹೊಸತರಲ್ಲಿ ಎರಡು ಚಮಚ ಸಿರಪ್ಪು ಕುಡಿದು ನಾನು ಎರಡು ದಿನ ಏಳದೆ ಮಲಗಿದ್ದು, ಸೊಸೆ ಏನೋ ಮದ್ದು ಹಾಕಿದ್ದಾಳೆಂದು ನಮ್ಮಮ್ಮ ಊರೆಲ್ಲ ಸಾರಿದ್ದು, ಎಲ್ಲವನ್ನೂ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು. ಕೆಲವರ ಲಿವರ್ ಕೆಲವು ಔಷಧಿಗಳನ್ನು ಬಲು ನಿಧಾನವಾಗಿ ಕರಗಿಸುತ್ತದಂತೆ. ಬೇರೆಯವರಿಗೆ ಒಂದು ಮಾತ್ರೆಯಾದದ್ದು ನನ್ನ ಮೈಯಲ್ಲಿ ನಾಲ್ಕಾಗಿ ಕೂರುತ್ತದಂತೆ. ಆ ಸಿರಪ್ಪೂ ಈ ಮಾತ್ರೆಗಳೂ ಲಿವರಿನಲ್ಲಿ ಒಂದೇ ದಾರಿ ಹಿಡಿಯುವಂಥವು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಬೇರೆ ಜಾತಿಯ ಮಾತ್ರೆ ಕೊಟ್ಟರು, ಬಿ.ಪಿ. ಇಳಿಯಿತು, ನಾನು ಬೀಳಲಿಲ್ಲ, ಕೆಲಸ ಉಳಿಯಿತು. ದಿನವಿಡೀ ತೂಕ ತಪ್ಪಿದ ಮಾತ್ರೆ ಹುಡುಕುವ ಪಂಡಿತನಿಗೆ ತನ್ನ ಮೈಯೇ ಲೆಕ್ಕ ತಪ್ಪಿದ್ದೆಂದು ತಿಳಿದಿರಲಿಲ್ಲ. 'ಔಸ್ದಿ' ಎನ್ನುವವಳಿಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು.

ಅಂಗಡಿಯವನು ಬಾಟಲಿಗೆ ಕವರು ಹುಡುಕುತ್ತಿದ್ದ. "ತಡಿಯಪ್ಪ, ಮೊದ್ಲು ಇವಳು ಹೇಳೋದು ಕೇಳು" ಎಂದು ಜಯಮ್ಮನನ್ನು ಮುಂದೆ ಬಿಟ್ಟೆ, ಬಹಳ ಉದಾರಿಯಂತೆ. ಅವಳು ಅವನ ಕಡೆ ನೋಡಲಿಲ್ಲ. ನನ್ನತ್ತ ತಿರುಗಿ, ನಗದೆ ಕೇಳಿದಳು:

"ನಾನು ಮಾತಾಡ್ಬೋದಾ?"