ಕಂಪನಿಯವರ ಪೆನ್‌ಡ್ರೈವಿನಲ್ಲೇ ವೈರಸ್ಸು

ಗೆಳೆಯರೇ, ನನಗಿನ್ನೂ ನಗು ನಿಂತಿಲ್ಲ. ಹೊಳೆನರಸೀಪುರದ ನನ್ನ ಕಂಪ್ಯೂಟರ್ ಅಂಗಡಿಗೆ ಇವತ್ತು ಆ್ಯಂಟಿವೈರಸ್ ಕಂಪನಿಯ ಮ್ಯಾನೇಜರ್ ಬಂದಿದ್ದರು. "ನೀವು ಬರೀ ಡೀಲರ್ ಅಲ್ಲ ಸರ್, ನಮ್ಮ ಫ್ಯಾಮಿಲಿ" ಎಂದು ಸ್ವೀಟ್ ಬಾಕ್ಸ್ ಕೊಟ್ಟರು. ಹೊಸ ಸ್ಕೀಮ್ ತೋರಿಸಲು ತಮ್ಮ ಪೆನ್‌ಡ್ರೈವನ್ನು ನನ್ನ ಕಂಪ್ಯೂಟರಿಗೆ ಹಾಕಿದರು.

ನನ್ನ ಕಂಪ್ಯೂಟರಿನಲ್ಲಿದ್ದ ಅವರದೇ ಆ್ಯಂಟಿವೈರಸ್ ಕಿರುಚಿಕೊಂಡಿತು: ಪೆನ್‌ಡ್ರೈವಿನಲ್ಲಿ ವೈರಸ್ ಇದೆ! ಮ್ಯಾನೇಜರ್ ಮುಖ ಕೆಂಪಾಯಿತು.

ಆ್ಯಂಟಿವೈರಸ್ ತಗೊಳ್ಳಿ ಎಂದರೆ ತಿಂಗಳಿಂದ "ನೋಡಾನ" ಎನ್ನುತ್ತಿದ್ದ ರೈಸ್‌ಮಿಲ್ಲಿನ ಜಯಮ್ಮ ಪಕ್ಕದಲ್ಲೇ ಕೂತಿದ್ದರು. ಈ ಗಿರಾಕಿಯೂ ಕೈತಪ್ಪಿತು ಅಂದುಕೊಂಡೆ. ಅವರು ಎದ್ದು ಬಂದು ಪರದೆ ನೋಡಿದರು.

"ಸಾಕ್ದೋರ್ನೇ ಬಿಡ್ಲಿಲ್ವಲ್ಲಪ್ಪಾ ಇದು! ನಂಗಿದೇ ಬೇಕು ಕಣಪ್ಪ. ಮಿಲ್ಲಲ್ಲಿರೋ ಮೂರ್ ಕಂಪ್ಯೂಟ್ರಿಗೂ ಆಕ್ಬುಡು."

ಖುಷಿಯಲ್ಲಿ ನಾನು ಆ ಪೆನ್‌ಡ್ರೈವನ್ನು ಕ್ಲೀನ್ ಮಾಡಲು ಹೊರಟರೆ ಮ್ಯಾನೇಜರ್ ಕೈ ಹಿಡಿದು ತಡೆದರು.

"ಬೇಡ ಸರ್, ಇರ್ಲಿ. ಮಧ್ಯಾಹ್ನ ಅರಕಲಗೂಡಿನ ಡೀಲರ್ ಹತ್ರಾನೂ ಹೋಗ್ಬೇಕು."